ಅಷ್ಟು ದೊಡ್ಡ ಕಮರಿ ಫೋಟೊದಲ್ಲಿ ಯಾಕಿಷ್ಟು ಚಿಕ್ಕದು?

ಓದುಗರ ಕ್ಯಾಮೆರಾ ಪ್ರಶ್ನೆಗಳಿಗೆ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಅಮೆರಿಕದ ಅರಿಜೋನಾ, ಯೂಟಾ ರಾಜ್ಯಗಳ ಕಾರು ಪ್ರವಾಸದ ಬಗ್ಗೆಯೇ ಇದ್ದವು. ಮಕ್ಕಳ ಮನೆಗೆ ಹೋಗಿ ಬಂದವರು, ಹೊರಡಲು ಸಿದ್ಧರಾಗಿರುವವರು, ಅಲ್ಲೇ ಕೆಲಸದಲ್ಲಿರುವವರು ಎಲ್ಲರೂ ಬರೆದಿದ್ದಾರೆ. ಹಾಗಾಗಿ ಈ ತಿಂಗಳ ಅಂಕಣವನ್ನು ಪೂರ್ತಿಯಾಗಿ ಆ ಕೆಂಪು ಕಮರಿಗಳಿಗೇ ಬಿಟ್ಟಿದ್ದೇವೆ.

ಪ್ರಶ್ನೆ: ಫೀನಿಕ್ಸ್‌ನಲ್ಲಿರುವ ಮಗಳ ಮನೆಗೆ ಹೋದಾಗ ಗ್ರಾಂಡ್ ಕ್ಯಾನಿಯನ್ ನೋಡಿದೆವು. ಇದಕ್ಕೆಂದೇ 16 ಎಂಎಂ ವೈಡ್ ಲೆನ್ಸ್ ಕೊಂಡಿದ್ದೆ. ಕಣ್ಣೆದುರು ಎದೆ ಝಲ್ಲೆನಿಸಿದ್ದು ಫೋಟೊದಲ್ಲಿ ಹೊಲದ ಬದಿಯ ಕಾಲುವೆಯಂತೆ ಕಾಣುತ್ತಿದೆ. ಎಲ್ಲಿ ತಪ್ಪಿದೆ?
(ನಿವೃತ್ತ ಎಂಜಿನಿಯರ್, ದಾವಣಗೆರೆ)

ಉತ್ತರ: ತಪ್ಪಿರುವುದು ಲೆನ್ಸಿನ ಆಯ್ಕೆಯಲ್ಲಿ. ನೀವು ಎಂಜಿನಿಯರ್ ಆಗಿದ್ದವರು, ಲೆಕ್ಕ ಹಾಕಿಯೇ ನೋಡೋಣ. ಸೌತ್ ರಿಮ್‌ನಲ್ಲಿ, ಅಂದರೆ ಕಮರಿಯ ದಕ್ಷಿಣದ ಅಂಚಿನಲ್ಲಿ, ನಿಂತರೆ ಎದುರಿನ ಅಂಚು ಸುಮಾರು 16 ಕಿ.ಮೀ. ದೂರದಲ್ಲಿದೆ. ಕಮರಿಯ ಆಳ ಸುಮಾರು ಒಂದೂವರೆ ಕಿ.ಮೀ. ಅಂದರೆ ಎದುರಿನ ಗೋಡೆ ನಿಮ್ಮ ಕಣ್ಣಿಗೆ ಐದು ಡಿಗ್ರಿಯಷ್ಟು ಎತ್ತರ ಮಾತ್ರ. ಫುಲ್‌ಫ್ರೇಮ್ ಕ್ಯಾಮೆರಾದಲ್ಲಿ 16 ಎಂಎಂ ಲೆನ್ಸ್ ಹಾಕಿದಾಗ, 24 ಎಂಎಂ ಎತ್ತರದ ಸೆನ್ಸರ್ (ಚಿತ್ರ ಮೂಡುವ ಚಿಪ್) ಮೇಲೆ ಆ ಗೋಡೆಗೆ ಸಿಗುವುದು ಒಂದೂವರೆ ಎಂಎಂ. ಉಳಿದದ್ದೆಲ್ಲ ಆಕಾಶ ಮತ್ತು ನಿಮ್ಮ ಕಾಲಬುಡದ ಬಂಡೆ. ವೈಡ್ ಲೆನ್ಸ್ ಅಗಲ ಕೊಡುತ್ತದೆ, ಆದರೆ ದೂರದ್ದನ್ನೆಲ್ಲ ಇನ್ನೂ ಹಿಂದಕ್ಕೆ ತಳ್ಳುತ್ತದೆ. ಅಲ್ಲಿ ಬೇಕಾದದ್ದು ಅಗಲವೂ ಹೌದು, ಗೋಡೆಯ ಎತ್ತರವೂ ಹೌದು. ಎರಡನ್ನೂ ಒಟ್ಟಿಗೆ ಪಡೆಯುವ ದಾರಿಯೆಂದರೆ 50 ಅಥವಾ 70 ಎಂಎಂ ಲೆನ್ಸಿನಲ್ಲಿ ಹಲವು ಫ್ರೇಮ್ ತೆಗೆದು ಆಮೇಲೆ ಸಾಫ್ಟ್‌ವೇರ್‌ನಲ್ಲಿ ಒಂದೇ ಅಗಲ ಚಿತ್ರವಾಗಿ (ಪನೋರಮಾ) ಹೊಲಿಯುವುದು.

ಕ್ಯಾಮೆರಾವನ್ನು ಉದ್ದುದ್ದ ನಿಲ್ಲಿಸಿ. ಅಡ್ಡ ಹಿಡಿದು ತೆಗೆದರೆ ಹೊಲಿದ ಚಿತ್ರ ಬಾಗಿಲಿನ ತೋರಣದಂತೆ ಉದ್ದವಾಗಿ, ಎತ್ತರವಿಲ್ಲದೆ ಬರುತ್ತದೆ. 50 ಎಂಎಂ ಲೆನ್ಸ್ ಉದ್ದುದ್ದ ನಿಂತಾಗ ಒಂದು ಫ್ರೇಮಿನ ಅಗಲ 27 ಡಿಗ್ರಿ. ಕ್ರಾಪ್ ಸೆನ್ಸರ್ (ಚಿಕ್ಕ ಸೆನ್ಸರ್) ಕ್ಯಾಮೆರಾ ಇದ್ದವರಿಗೆ 35 ಎಂಎಂ ಹೆಚ್ಚುಕಡಿಮೆ ಅದೇ ಕೋನ ಕೊಡುತ್ತದೆ. ಪ್ರತಿ ಫ್ರೇಮಿನ ಮೂರನೇ ಒಂದು ಭಾಗ ಹಿಂದಿನ ಫ್ರೇಮಿನಲ್ಲೂ ಇರಬೇಕು, ಆದ್ದರಿಂದ ಪ್ರತಿ ಸಲ 18 ಡಿಗ್ರಿ ತಿರುಗಿಸಿ. ಆರು ಫ್ರೇಮಿಗೆ ಸುಮಾರು 117 ಡಿಗ್ರಿ ಆಗುತ್ತದೆ. ಅದಕ್ಕಿಂತ ಅಗಲ ಬೇಡ. 180 ಡಿಗ್ರಿ ತೆಗೆದ ಚಿತ್ರದಲ್ಲಿ ಕಣ್ಣು ಎಲ್ಲೂ ನಿಲ್ಲುವುದಿಲ್ಲ, ಒಂದು ತುದಿಯಲ್ಲಿ ಬೆಳಕು, ಇನ್ನೊಂದು ತುದಿಯಲ್ಲಿ ಕತ್ತಲೆ.

ಮೊದಲು ಟ್ರೈಪಾಡ್‌ನ ಕಾಲುಗಳನ್ನು ಹೊಂದಿಸಿ ತಳವನ್ನು ಸಮಮಟ್ಟಕ್ಕೆ ತನ್ನಿ. ಇಲ್ಲಿ ಬಹಳ ಜನ ಎಡವುತ್ತಾರೆ. ಬಾಲ್‌ಹೆಡ್ (ಕ್ಯಾಮೆರಾ ಹಿಡಿಯುವ ಗುಂಡಿನ ಕೀಲು) ಸಡಿಲಿಸಿ ಕ್ಯಾಮೆರಾ ಮಾತ್ರ ನೇರ ಮಾಡುತ್ತಾರೆ. ಆದರೆ ತಿರುಗುವ ಭಾಗ ಬಾಲಿನ ಕೆಳಗಿದೆ, ಅದು ವಾಲಿಯೇ ಇರುತ್ತದೆ. ಮೊದಲ ಫ್ರೇಮ್ ನೇರ ಬಂದರೂ ಆರನೆಯ ಫ್ರೇಮಿನ ಹೊತ್ತಿಗೆ ದಿಗಂತ ಜಾರಿರುತ್ತದೆ. ಇಳಿಜಾರು ಬಂಡೆಯ ಮೇಲೆ ಪದೇ ಪದೇ ಕಾಲು ಹೊಂದಿಸುವುದು ಕಷ್ಟವಾದರೆ ಬಾಲ್‌ಹೆಡ್‌ನ ಕೆಳಗೆ ಕೂರುವ ಲೆವೆಲಿಂಗ್ ಬೇಸ್ ಕೊಳ್ಳಿ, ಆ ದುಡ್ಡು ದಂಡವಾಗುವುದಿಲ್ಲ.

ಆಮೇಲೆ ಎಲ್ಲವನ್ನೂ ಕಟ್ಟಿಹಾಕಿ. ಕ್ಯಾಮೆರಾ ಮ್ಯಾನ್ಯುಯಲ್ ಮೋಡ್‌ನಲ್ಲಿ, ಐಎಸ್ಒ (ಬೆಳಕಿಗೆ ಸೆನ್ಸರಿನ ಸ್ಪಂದನೆ) 100, ಲೆನ್ಸಿನ ರಂಧ್ರ ಎಫ್/8 ಅಥವಾ ಎಫ್/11. ಇಡೀ ದೃಶ್ಯದಲ್ಲಿ ಅತಿ ಹೆಚ್ಚು ಬೆಳಕಿರುವ ಭಾಗ ಬೆಳ್ಳಗೆ ಸುಟ್ಟುಹೋಗದಂತೆ ಶಟರ್ ವೇಗ ಹೊಂದಿಸಿ, ಅದೇ ವೇಗದಲ್ಲಿ ಆರೂ ಫ್ರೇಮ್ ತೆಗೆಯಿರಿ. ಒಮ್ಮೆ ಫೋಕಸ್ ಮಾಡಿ ಲೆನ್ಸನ್ನು ಎಂಎಫ್‌ಗೆ, ಅಂದರೆ ಮ್ಯಾನ್ಯುಯಲ್ ಫೋಕಸ್‌ಗೆ, ಹಾಕಿ. ವೈಟ್ ಬ್ಯಾಲೆನ್ಸ್ 5300 ಕೆಲ್ವಿನ್‌ಗೆ ನಿಲ್ಲಿಸಿ, ಆಟೊ ಬೇಡ. ಮೇಲೆ ಕೆಳಗೆ ಹತ್ತಿಪ್ಪತ್ತು ಪ್ರತಿಶತ ಜಾಗ ಹೆಚ್ಚೇ ಇರಲಿ, ಹೊಲಿದ ಮೇಲೆ ಅಂಚು ಕತ್ತರಿಸಬೇಕಾಗುತ್ತದೆ. ಆಕಾಶ ಮತ್ತು ಕಮರಿಯ ನೆರಳಿಗೆ ಬೆಳಕಿನ ಅಂತರ ತೀರಾ ಹೆಚ್ಚಿದ್ದರೆ ಪ್ರತಿ ನಿಲುಗಡೆಯಲ್ಲಿ ಮೂರು ಎಕ್ಸ್‌ಪೋಷರ್ ತೆಗೆಯಿರಿ, ಎರಡೆರಡು ಸ್ಟಾಪ್ ಮೇಲೆ ಕೆಳಗೆ (ಒಂದು ಸ್ಟಾಪ್ ಎಂದರೆ ಬೆಳಕು ಎರಡು ಪಟ್ಟು ಅಥವಾ ಅರ್ಧ). ಮೂರೂ ಮುಗಿದ ಮೇಲಷ್ಟೇ ತಿರುಗಿಸಿ. ಮೋಡ ಓಡುತ್ತಿದ್ದರೆ ತಡಮಾಡಬೇಡಿ, ಆರು ಫ್ರೇಮೂ ಅರ್ಧ ನಿಮಿಷದಲ್ಲಿ ಮುಗಿಯಬೇಕು.

ಶುರುವಿಗೆ ಮುಂಚೆ ಒಂದು, ಮುಗಿದ ಮೇಲೊಂದು ನಿಮ್ಮ ಅಂಗೈಯ ಫೋಟೊ ತೆಗೆಯಿರಿ. ಮನೆಗೆ ಬಂದು ಎಂಟುನೂರು ಫೈಲ್‌ಗಳ ನಡುವೆ ಯಾವ ಆರು ಒಂದು ಗುಂಪು ಎಂದು ಹುಡುಕುವಾಗ ಅದರ ಬೆಲೆ ತಿಳಿಯುತ್ತದೆ.

ಪ್ರಶ್ನೆ: ಹೊಲಿದ ಪನೋರಮಾದಲ್ಲಿ ಆಕಾಶದ ನಡುವೆ ಕಡುನೀಲಿ ಪಟ್ಟೆ ಬಂದಿದೆ. ಜೊತೆಗೆ ಒಂದೇ ಎತ್ತರದಲ್ಲಿ, ಸಮ ಅಂತರದಲ್ಲಿ ಬೂದು ಚುಕ್ಕೆಗಳು. ಸಾಫ್ಟ್‌ವೇರ್ ದೋಷವೇ?
(ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ)

ಉತ್ತರ: ಅಲ್ಲ. ಪಟ್ಟೆ ಬಂದದ್ದು ಆಕಾಶದ ನೀಲಿಯನ್ನು ಗಾಢ ಮಾಡುವ ಪೋಲರೈಸರ್ ಫಿಲ್ಟರ್‌ನಿಂದ. ಸೂರ್ಯನಿಂದ 90 ಡಿಗ್ರಿ ದೂರದ ಆಕಾಶದಲ್ಲಿ ಅದರ ಪರಿಣಾಮ ಅತಿ ಹೆಚ್ಚು, ಆಚೀಚೆ ಹೋದಂತೆ ಕಡಿಮೆ. ಅಗಲದ ದೃಶ್ಯದಲ್ಲಿ ಈ ಏರಿಳಿತ ಪಟ್ಟೆಯಾಗಿಯೇ ಕಾಣುತ್ತದೆ, ಆಮೇಲೆ ಸರಿಪಡಿಸಲು ಆಗುವುದೂ ಇಲ್ಲ. ಪನೋರಮಾ ತೆಗೆಯುವ ಮುಂಚೆ ಫಿಲ್ಟರ್ ಬಿಚ್ಚಿ ಜೇಬಿಗೆ ಹಾಕಿ.

ಚುಕ್ಕೆ ಸೆನ್ಸರ್ ಮೇಲಿನ ಧೂಳು. ಒಂದೇ ಕಣ ಆರು ಫ್ರೇಮಿನಲ್ಲೂ ಅದೇ ಜಾಗದಲ್ಲಿ ಕೂತಿರುತ್ತದೆ, ಹೊಲಿದಾಗ ಸಾಲು ದೀಪದಂತೆ ಆರು ಕಡೆ ಬರುತ್ತದೆ. ಎಫ್/16ರಲ್ಲಿ ತೆಗೆದಿದ್ದರೆ ಇನ್ನಷ್ಟು ಎದ್ದು ಕಾಣುತ್ತದೆ. ಹೊಲಿಯುವ ಮುಂಚೆಯೇ ಒಂದು ಫ್ರೇಮಿನಲ್ಲಿ ಚುಕ್ಕೆ ಅಳಿಸಿ, ಅದೇ ತಿದ್ದುಪಡಿಯನ್ನು ಉಳಿದ ಐದಕ್ಕೂ ನಕಲು ಮಾಡಿ. ಮುಂದಿನ ಸಲ ಲೆನ್ಸ್ ಬದಲಿಸುವುದಿದ್ದರೆ ಕಾರಿನೊಳಗೆ ಕೂತು, ಕಿಟಕಿ ಏರಿಸಿ, ಎಸಿ ಫ್ಯಾನ್ ನಿಲ್ಲಿಸಿ, ಕ್ಯಾಮೆರಾದ ಬಾಯಿ ಕೆಳಗೆ ಮಾಡಿ ಬದಲಿಸಿ. ಮಾನ್ಯುಮೆಂಟ್ ವ್ಯಾಲಿಯ 17 ಮೈಲಿಯ ಮಣ್ಣಿನ ದಾರಿಯಲ್ಲಿ ಎದ್ದ ಕೆಂಧೂಳು ಹಿಟ್ಟಿನಷ್ಟು ನುಣುಪು, ಅಲ್ಲಂತೂ ಲೆನ್ಸ್ ಬಿಚ್ಚಲೇಬೇಡಿ.

ಪ್ರಶ್ನೆ: ವ್ಯೂಪಾಯಿಂಟ್‌ನ ಕಬ್ಬಿಣದ ಕಟಕಟೆ ಹೊಲಿದ ಮೇಲೆ ಎರಡು ಕಡೆ ತುಂಡಾಗಿದೆ. ಹತ್ತಿರದ ಒಣ ಮರದ ಒಂದು ಕೊಂಬೆ ಎರಡಾಗಿದೆ. ದೂರದ ಬೆಟ್ಟಗಳು ಮಾತ್ರ ಸರಿಯಾಗಿವೆ.
(ಕಾಲೇಜು ವಿದ್ಯಾರ್ಥಿ, ಮಂಗಳೂರು)

ಉತ್ತರ: ಒಂದು ಕಣ್ಣು ಮುಚ್ಚಿ ಮುಖದ ಮುಂದೆ ಬೆರಳು ಹಿಡಿದು ತಲೆ ಆಚೀಚೆ ಅಲ್ಲಾಡಿಸಿ. ಬೆರಳು ಹಿಂದಿನ ಗೋಡೆಯ ಮೇಲೆ ಜಾರಿದಂತೆ ಕಾಣುತ್ತದೆ. ಕ್ಯಾಮೆರಾದಲ್ಲೂ ಆದದ್ದು ಅದೇ. ಟ್ರೈಪಾಡ್ ತಿರುಗುವುದು ಕ್ಯಾಮೆರಾದ ಹೊಟ್ಟೆಯ ಕೆಳಗಿನ ಸ್ಕ್ರೂ ಸುತ್ತ. ಲೆನ್ಸ್ ನೋಡುವ ಬಿಂದು ಅದಕ್ಕಿಂತ ಮುಂದಿರುತ್ತದೆ. ತಿರುಗಿಸಿದಾಗ ಲೆನ್ಸ್ ಪಕ್ಕಕ್ಕೂ ಸರಿಯುತ್ತದೆ. ದೂರದ ಬೆಟ್ಟಕ್ಕೆ ಆ ಎರಡು ಮೂರು ಅಂಗುಲ ಲೆಕ್ಕಕ್ಕಿಲ್ಲ, ಒಂದು ಮೀಟರ್ ದೂರದ ಕಟಕಟೆಗೆ ಅದೇ ದೊಡ್ಡದು.

ಪರಿಹಾರವೆಂದರೆ ಉದ್ದನೆಯ ಸ್ಲೈಡ್ ಪಟ್ಟಿ ಹಾಕಿ ಕ್ಯಾಮೆರಾವನ್ನು ಹಿಂದಕ್ಕೆ ಸರಿಸಿ, ಲೆನ್ಸಿನ ಆ ಬಿಂದು ಸರಿಯಾಗಿ ತಿರುಗುವ ಅಕ್ಷದ ಮೇಲೆ ಬರುವಂತೆ ಮಾಡುವುದು. ಇದನ್ನು ಮನೆಯಲ್ಲೇ ಹುಡುಕಿಟ್ಟುಕೊಳ್ಳಿ. ಒಂದು ಮೀಟರ್ ದೂರದಲ್ಲಿ ಪೊರಕೆ ಕಡ್ಡಿಯನ್ನು ನೆಟ್ಟಗೆ ನಿಲ್ಲಿಸಿ, ಅದರ ಹಿಂದೆ ದೂರದ ದೀಪದ ಕಂಬ ಒಂದೇ ಸಾಲಿಗೆ ಬರುವಂತೆ ನೋಡಿ. ಕ್ಯಾಮೆರಾ ಬಲಕ್ಕೆ ತಿರುಗಿಸಿದಾಗ ಕಡ್ಡಿ ಕಂಬದ ಎಡಕ್ಕೆ ಜಾರಿದರೆ ಕ್ಯಾಮೆರಾ ಇನ್ನೂ ಹಿಂದೆ ಹೋಗಬೇಕು, ಬಲಕ್ಕೆ ಜಾರಿದರೆ ಮುಂದೆ ಬರಬೇಕು. ಎಷ್ಟು ತಿರುಗಿಸಿದರೂ ಕಡ್ಡಿ ಕಂಬದ ಮೇಲೇ ಕೂತಿತೋ, ಅಲ್ಲಿ ಪಟ್ಟಿಯ ಮೇಲೆ ಮಾರ್ಕರ್‌ನಿಂದ ಗೆರೆ ಎಳೆಯಿರಿ. ಜೂಮ್ ಲೆನ್ಸ್ ಆದರೆ 24, 35, 50, 70ಕ್ಕೆ ಬೇರೆ ಬೇರೆ ಗೆರೆ ಬೇಕು.

ಪಟ್ಟಿ ಇಲ್ಲದಿದ್ದರೆ ಹತ್ತಿರದ ವಸ್ತುವನ್ನೇ ಫ್ರೇಮಿನಿಂದ ಬಿಡಿ. ಕಟಕಟೆಗೆ ಆತುಕೊಂಡು ಅದರಾಚೆಗಿನದನ್ನು ಮಾತ್ರ ತೆಗೆದರೆ ಕೈಯಲ್ಲಿ ಹಿಡಿದೂ ಚೆನ್ನಾಗಿ ಹೊಲಿಯಬಹುದು, ಶಟರ್ 1/200 ಸೆಕೆಂಡಿಗಿಂತ ನಿಧಾನ ಬೇಡ. ಕಟಕಟೆ ದಾಟಿ ಅಂಚಿಗೆ ಹೋಗುವ ಯೋಚನೆ ಖಂಡಿತ ಬೇಡ.

ಪ್ರಶ್ನೆ: ನನ್ನ ಹತ್ತಿರ ಇರುವುದು ಫೋನ್ ಮಾತ್ರ. ಮಗ ಸೊಸೆ ಜೊತೆ ಮೇ ತಿಂಗಳಲ್ಲಿ ಹೋಗುತ್ತಿದ್ದೇವೆ. ನನ್ನ ವಯಸ್ಸು 66. ಭಾರ ಹೊರಲಾರೆ.
(ಗೃಹಿಣಿ, ಹಾಸನ)

ಉತ್ತರ: ಅಮ್ಮ, ಫೋನ್ ಸಾಕು. ಮೊದಲ ಕೆಲಸ, ಫೋನಿನ ಹಿಂದಿನ ಲೆನ್ಸನ್ನು ಹತ್ತಿಬಟ್ಟೆಯಲ್ಲಿ ಒರೆಸಿ. ಆ ಬಿಸಿಲಿನಲ್ಲಿ ಎಲ್ಲರೂ ಮುಖಕ್ಕೆ ಸನ್‌ಸ್ಕ್ರೀನ್ ಹಚ್ಚಿಕೊಳ್ಳುತ್ತಾರೆ, ಅದೇ ಬೆರಳು ಲೆನ್ಸಿಗೂ ತಾಗುತ್ತದೆ. ಮಂಜು ಮುಸುಕಿದಂತೆ ಬರುವ ಎಷ್ಟೋ ಫೋಟೊಗಳಿಗೆ ಕಾರಣ ಹವೆಯಲ್ಲ, ಈ ಜಿಡ್ಡು.

ಪನೋರಮಾ ಮೋಡ್‌ನಲ್ಲಿ ಫೋನನ್ನು ಉದ್ದುದ್ದ ಹಿಡಿಯಿರಿ. ಬೆಳಕು ಹೆಚ್ಚಿರುವ ಭಾಗದ ಮೇಲೆ ಬೆರಳು ಒತ್ತಿಹಿಡಿದರೆ ಹೆಚ್ಚಿನ ಫೋನ್‌ಗಳಲ್ಲಿ ಬೆಳಕು, ಫೋಕಸ್ ಎರಡೂ ಅಲ್ಲಿಗೇ ನಿಲ್ಲುತ್ತವೆ. ಮೊಣಕೈ ಎರಡನ್ನೂ ಪಕ್ಕೆಗೆ ಒತ್ತಿಕೊಳ್ಳಿ. ಕೈ ಚಾಚಿ ಬೀಸಬೇಡಿ. ಫೋನ್ ಇದ್ದಲ್ಲೇ ಇದೆ, ನೀವೇ ಅದರ ಸುತ್ತ ಸಣ್ಣ ಹೆಜ್ಜೆಯಲ್ಲಿ ತಿರುಗುತ್ತಿದ್ದೀರಿ ಎಂಬಂತೆ ನಿಧಾನ ತಿರುಗಿ. ಪೂರ್ತಿ ಸುತ್ತಬೇಕಿಲ್ಲ, ಕಮರಿಯ ಒಂದು ತಿರುವಿನಿಂದ ಇನ್ನೊಂದು ತಿರುವಿಗೆ ಬಂದಾಗ ನಿಲ್ಲಿಸಿ. ಹೆಜ್ಜೆ ಇಡುವ ಮುಂಚೆ ನೆಲ ನೋಡಿಕೊಳ್ಳಿ. ಮಗ ಪಕ್ಕದಲ್ಲಿದ್ದರೆ ಒಳ್ಳೆಯದು.

ಸೌತ್ ರಿಮ್ ಇರುವುದು 2,100 ಮೀಟರ್ ಎತ್ತರದಲ್ಲಿ, ನಮ್ಮ ಮುಳ್ಳಯ್ಯನಗಿರಿಗಿಂತ ಎತ್ತರ. ಮೇ ತಿಂಗಳಲ್ಲೂ ಬೆಳಗಿನ ಜಾವ ಸ್ವೆಟರ್ ಬೇಕು. ಮಧ್ಯಾಹ್ನ ಫೋನನ್ನು ಕಾರಿನ ಡ್ಯಾಶ್‌ಬೋರ್ಡ್ ಮೇಲೆ ಬಿಡಬೇಡಿ. ಕಾದರೆ ಪರದೆ ಮಂಕಾಗಿ ಕ್ಯಾಮೆರಾ ತೆರೆಯುವುದೇ ಇಲ್ಲ.

ಪ್ರಶ್ನೆ: ಜೂನ್‌ನಲ್ಲಿ ಬ್ರೈಸ್ ಕ್ಯಾನಿಯನ್, ಪೇಜ್ (ಅರಿಜೋನಾದ ಊರು), ಮಾನ್ಯುಮೆಂಟ್ ವ್ಯಾಲಿ, ಗ್ರಾಂಡ್ ಕ್ಯಾನಿಯನ್ ಈ ಕ್ರಮದಲ್ಲಿ ಐದು ದಿನ. ಎಲ್ಲಿ ಬೆಳಿಗ್ಗೆ, ಎಲ್ಲಿ ಸಂಜೆ?
(ಸಾಫ್ಟ್‌ವೇರ್ ಉದ್ಯೋಗಿ, ಸಾನ್ ಹೊಸೆ)

ಉತ್ತರ: ಒಳ್ಳೆಯ ಕ್ರಮ. ಬ್ರೈಸ್‌ನ ಕಂಬಗಲ್ಲುಗಳ ಬಟ್ಟಲು ಪೂರ್ವಕ್ಕೆ ಮುಖ ಮಾಡಿದೆ, ಹಾಗಾಗಿ ಅದು ಬೆಳಗಿನ ಜಾಗ. ಸನ್‌ಸೆಟ್ ಪಾಯಿಂಟ್ ಎಂಬ ಹೆಸರು ನಂಬಿ ಸಂಜೆ ಹೋದರೆ ಸೂರ್ಯ ನಿಮ್ಮ ಬೆನ್ನ ಹಿಂದೆ ಇಳಿದು ಕೆಳಗಿನದೆಲ್ಲ ನೆರಳಾಗಿರುತ್ತದೆ. ಇನ್‌ಸ್ಪಿರೇಷನ್ ಪಾಯಿಂಟ್ ಅಥವಾ ಬ್ರೈಸ್ ಪಾಯಿಂಟ್‌ಗೆ ಸೂರ್ಯೋದಯಕ್ಕೆ 40 ನಿಮಿಷ ಮುಂಚೆ ತಲುಪಿ. ಸೂರ್ಯ ಮೇಲೆ ಬಂದ ಮೊದಲ ಇಪ್ಪತ್ತು ನಿಮಿಷ ಬೆಳಕು ಒಂದು ಕಂಬಕ್ಕೆ ಬಡಿದು ಪಕ್ಕದ ಕಂಬದ ನೆರಳಿನ ಮೈಗೆ ಹಾಯುತ್ತದೆ. ಒಳಗೆ ಹಣತೆ ಹಚ್ಚಿಟ್ಟ ಹಾಗೆ ಆ ಕಲ್ಲು ಕಿತ್ತಳೆಯಾಗಿ ಹೊಳೆಯುತ್ತದೆ.

ಪೇಜ್‌ನ ಹಾರ್ಸ್‌ಶೂ ಬೆಂಡ್‌ನಲ್ಲಿ ನೀವು ನೋಡುವುದು ಪಶ್ಚಿಮಕ್ಕೆ. ಬೆಳಿಗ್ಗೆ ಬೇಗ ಹೋದರೆ ನೀವು ನಿಂತ ಬಂಡೆಯ ನೆರಳೇ ನದಿಯ ಮೇಲೆ ಬಿದ್ದಿರುತ್ತದೆ, ಸಂಜೆ ಸೂರ್ಯ ಎದುರಿಗೆ. ನೀರಿನ ಹಸಿರು ಬೇಕಿದ್ದರೆ ಹತ್ತು ಗಂಟೆಯ ನಂತರ. ನದಿ ಸುಮಾರು 300 ಮೀಟರ್ ಕೆಳಗಿದೆ, ಒಂದೇ ಫ್ರೇಮಿಗೆ 14 ರಿಂದ 16 ಎಂಎಂ ಬೇಕು. ವೈಡ್ ಲೆನ್ಸ್ ನಿಜವಾಗಿ ಕೆಲಸಕ್ಕೆ ಬರುವ ಜಾಗ ಇದು. ಹೊಲಿಯುವುದಾದರೆ ಕ್ಯಾಮೆರಾ ಕೆಳಗೆ ಬಗ್ಗಿರುವುದರಿಂದ ಫ್ರೇಮ್‌ಗಳು ಬೀಸಣಿಗೆಯಂತೆ ಹರಡಿ ಮೂಲೆಗಳು ಖಾಲಿ ಉಳಿಯುತ್ತವೆ. ಮೇಲೊಂದು ಸಾಲು, ಕೆಳಗೊಂದು ಸಾಲು ತೆಗೆಯಿರಿ.

ಮಾನ್ಯುಮೆಂಟ್ ವ್ಯಾಲಿಯ ಸಂದರ್ಶಕ ಕೇಂದ್ರದಿಂದ ಮಿಟನ್ ಬಂಡೆಗಳು ಪೂರ್ವಕ್ಕಿವೆ. ಬೆಳಿಗ್ಗೆ ಕಪ್ಪು ನೆರಳುಚಿತ್ರ, ಸಂಜೆ ಮೈತುಂಬ ಕೆಂಪು. ಸೂರ್ಯ ಮುಳುಗಿದ ಕೂಡಲೇ ಕ್ಯಾಮೆರಾ ಮಡಚಬೇಡಿ. ಪೂರ್ವದಲ್ಲಿ ಭೂಮಿಯದೇ ನೆರಳು ನೀಲಿ ಪಟ್ಟಿಯಾಗಿ ಏರುತ್ತದೆ, ಅದರ ಮೇಲೆ ಗುಲಾಬಿ ಪಟ್ಟಿ. ಬೆಳಕಿನ ಅಂತರ ಕಡಿಮೆಯಾಗಿ ಎಲ್ಲ ಫ್ರೇಮೂ ಒಂದೇ ಸಮ ಬರುವುದರಿಂದ ಪನೋರಮಾಕ್ಕೆ ಅದಕ್ಕಿಂತ ಒಳ್ಳೆಯ ಹೊತ್ತಿಲ್ಲ.

ಅಲ್ಲಿಂದ ಕ್ಯಾಮರನ್ ಊರಿನ ಮೂಲಕ ಬಂದರೆ ಗ್ರಾಂಡ್ ಕ್ಯಾನಿಯನ್‌ನ ಪೂರ್ವದ್ವಾರ ಸಿಗುತ್ತದೆ. ಡೆಸರ್ಟ್ ವ್ಯೂ, ಲಿಪಾನ್ ಪಾಯಿಂಟ್ ಮೊದಲಿಗೇ ಬರುತ್ತವೆ, ಕೊಲೊರಾಡೊ ನದಿ ಉದ್ದಕ್ಕೆ ಕಾಣುವುದು ಅಲ್ಲಿಂದ. ಸಂಜೆಗೆ ಹೋಪಿ ಪಾಯಿಂಟ್. ಹರ್ಮಿಟ್ ರಸ್ತೆಯಲ್ಲಿ ಮಾರ್ಚ್ 1 ರಿಂದ ನವೆಂಬರ್ 30 ರವರೆಗೆ ಖಾಸಗಿ ಕಾರು ಬಿಡುವುದಿಲ್ಲ, ಶಟಲ್ ಬಸ್ಸಿನಲ್ಲೇ ಹೋಗಬೇಕು. ಕೊನೆಯ ಬಸ್ಸಿನ ಹೊತ್ತು ಮೊದಲೇ ನೋಡಿಕೊಳ್ಳಿ.

ಈಗ ಗಡಿಯಾರದ ವಿಷಯ. ಬೇಸಿಗೆಯಲ್ಲಿ ಅರಿಜೋನಾ ಗಡಿಯಾರ ಮುಂದಿಡುವುದಿಲ್ಲ, ಯೂಟಾ ಮತ್ತು ನವಾಹೊ ನೇಷನ್ (ಮಾನ್ಯುಮೆಂಟ್ ವ್ಯಾಲಿ ಇರುವ, ನವಾಹೊ ಬುಡಕಟ್ಟಿನ ಸ್ವಾಯತ್ತ ಪ್ರದೇಶ) ಮುಂದಿಡುತ್ತವೆ. ಹಾಗಾಗಿ ಬ್ರೈಸ್‌ನಿಂದ ಪೇಜ್‌ಗೆ ಬಂದಾಗ ಒಂದು ಗಂಟೆ ಸಿಗುತ್ತದೆ, ಮಾನ್ಯುಮೆಂಟ್ ವ್ಯಾಲಿಗೆ ಹೋದಾಗ ಹೋಗುತ್ತದೆ, ಗ್ರಾಂಡ್ ಕ್ಯಾನಿಯನ್‌ನಲ್ಲಿ ಮತ್ತೆ ಸಿಗುತ್ತದೆ. ಗಡಿಯ ಹತ್ತಿರ ಫೋನ್ ಯಾವ ಟವರ್ ಹಿಡಿಯುತ್ತದೋ ಆ ಗಂಟೆ ತೋರಿಸುತ್ತದೆ. ಪೇಜ್‌ನಲ್ಲಿ ಇರುವಷ್ಟು ದಿನ ಆಟೊ ಸಮಯ ಆಫ್ ಮಾಡಿ, ಫೀನಿಕ್ಸ್ ಸಮಯ ಕೈಯಾರೆ ಹಾಕಿಕೊಳ್ಳಿ. ಸೂರ್ಯೋದಯ ತಪ್ಪಿಸಿಕೊಂಡವರಲ್ಲಿ ನಿದ್ದೆ ಮಾಡಿದವರಿಗಿಂತ ಈ ಒಂದು ಗಂಟೆಯಲ್ಲಿ ಎಡವಿದವರೇ ಹೆಚ್ಚಿರಬೇಕು.

ಇನ್ನೊಂದು. ಬೆಂಗಳೂರಿನಲ್ಲಿ ಜೂನ್‌ಗೂ ಡಿಸೆಂಬರ್‌ಗೂ ಸೂರ್ಯ ಹುಟ್ಟುವ ದಿಕ್ಕು 48 ಡಿಗ್ರಿ ಬದಲಾದರೆ ಅಲ್ಲಿ 60 ಡಿಗ್ರಿ ಬದಲಾಗುತ್ತದೆ. ಡಿಸೆಂಬರ್‌ನಲ್ಲಿ ಹೋದ ಗೆಳೆಯರ ಫೋಟೊ ನೋಡಿ ಜೂನ್‌ನ ಜಾಗ ಗೊತ್ತುಮಾಡಬೇಡಿ. ಫೋಟೊಪಿಲ್ಸ್‌ನಂಥ ಆ್ಯಪ್‌ನಲ್ಲಿ ನಿಮ್ಮ ದಿನಾಂಕ ಹಾಕಿಯೇ ನೋಡಿ.

ಪ್ರಶ್ನೆ: ಸಂಜೆಯ ಕೆಂಪು ಬಂಡೆ ಫೋಟೊದಲ್ಲಿ ಗೆರೆ, ಬಿರುಕು ಏನೂ ಇಲ್ಲದೆ ಕುಂಕುಮ ಬಳಿದಂತೆ ಬಂದಿದೆ. ಹಿಸ್ಟೋಗ್ರಾಮ್ (ಬೆಳಕಿನ ಹಂಚಿಕೆ ತೋರಿಸುವ ನಕ್ಷೆ) ಸರಿಯಾಗಿಯೇ ಇತ್ತು.
(ಶಿಕ್ಷಕ, ವಿಜಯಪುರ)

ಉತ್ತರ: ನೀವು ನೋಡಿದ್ದು ಬಿಳಿ ಹಿಸ್ಟೋಗ್ರಾಮ್ ಇರಬೇಕು, ಅದು ಮೂರು ಬಣ್ಣಗಳ ಒಟ್ಟು ಲೆಕ್ಕ. ಆ ಬಂಡೆಗಳಲ್ಲಿ ಕಬ್ಬಿಣದ ಆಕ್ಸೈಡ್ ಇದೆ, ಸಂಜೆಯ ಬಿಸಿಲೂ ಕೆಂಪು. ಹಸಿರು, ನೀಲಿ ಇನ್ನೂ ನಡುವೆ ಇರುವಾಗಲೇ ಕೆಂಪು ಮಾತ್ರ ಬಲತುದಿಗೆ ಬಡಿದು ವಿವರ ಕಳೆದುಕೊಂಡಿರುತ್ತದೆ. ಮೂರೂ ಬಣ್ಣ ಬೇರೆಬೇರೆಯಾಗಿ ತೋರಿಸುವ ಆರ್‌ಜಿಬಿ ಹಿಸ್ಟೋಗ್ರಾಮ್ ಆನ್ ಮಾಡಿ, ಕೆಂಪು ಗೆರೆ ತುದಿ ಮುಟ್ಟದಂತೆ ಅರ್ಧದಿಂದ ಒಂದು ಸ್ಟಾಪ್ ಕಡಿಮೆ ಮಾಡಿ. ರಾ ಫೈಲ್‌ನಲ್ಲೇ (ಸೆನ್ಸರಿನ ಕಚ್ಚಾ ಮಾಹಿತಿ ಇರುವ ಫೈಲ್) ತೆಗೆಯಿರಿ. ಆಮೇಲೆ ಸ್ಯಾಚುರೇಷನ್ ಏರಿಸಬೇಡಿ. ಆ ಕಲ್ಲಿಗೆ ಬಣ್ಣ ಸೇರಿಸುವ ಅಗತ್ಯವೇ ಇಲ್ಲ.

ಪ್ರಶ್ನೆ: ಯುಎಸ್-163 ರಸ್ತೆಯ ತುದಿಯಲ್ಲಿ ಮಾನ್ಯುಮೆಂಟ್ ವ್ಯಾಲಿ ಕಾಣುವ ಪ್ರಸಿದ್ಧ ನೋಟವನ್ನು 200 ಎಂಎಂನಲ್ಲಿ ಮಧ್ಯಾಹ್ನ ಎರಡಕ್ಕೆ ತೆಗೆದೆ. ಟ್ರೈಪಾಡ್ ಇದ್ದರೂ ಒಂದೂ ಚೂಪಾಗಿಲ್ಲ.
(ಓದುಗರು, ಡಲ್ಲಾಸ್)

ಉತ್ತರ: ಲೆನ್ಸಿನ ತಪ್ಪಲ್ಲ. ಕಾದ ಡಾಂಬರಿನಿಂದ ಏಳುವ ಬಿಸಿಗಾಳಿ ಒಲೆಯ ಮೇಲಿನ ಹಬೆಯಂತೆ ದೃಶ್ಯವನ್ನು ಕುಣಿಸುತ್ತದೆ. ಪ್ರತಿ ಫ್ರೇಮಿನಲ್ಲೂ ಬಂಡೆಯ ಅಂಚು ಬೇರೆ ಆಕಾರ ಪಡೆಯುವುದರಿಂದ ಹೊಲಿಗೆಯೂ ಕೂಡುವುದಿಲ್ಲ. ಸೂರ್ಯೋದಯದ ನಂತರದ ಮೊದಲ ಒಂದು ಗಂಟೆಯಲ್ಲಿ ತೆಗೆಯಿರಿ. ನೋಟ ಸಿಗುವುದು ಮೈಲಿಗಲ್ಲು 13ರ ಹತ್ತಿರ. ವಾಹನಗಳು ವೇಗವಾಗಿ ಬರುವ ಹೆದ್ದಾರಿ ಅದು. ನಡುರಸ್ತೆಯಲ್ಲಿ ಟ್ರೈಪಾಡ್ ಇಡುವವರನ್ನು ಅನುಕರಿಸಬೇಡಿ. ಪಕ್ಕದ ತಂಗುಜಾಗದಲ್ಲಿ ಕಾರು ನಿಲ್ಲಿಸಿ ರಸ್ತೆಯಂಚಿನಿಂದಲೇ ತೆಗೆದರೂ ರಸ್ತೆ ನೇರ ಬಂಡೆಗಳತ್ತ ಓಡಿದಂತೆಯೇ ಬರುತ್ತದೆ.

ದಾರಿಯಲ್ಲಿ ಎಲ್ಲಿ ಇಳಿದರೂ ಕಾಲುದಾರಿ ಬಿಟ್ಟು ಮರಳಿನೊಳಗೆ ಹೋಗಬೇಡಿ. ಕಪ್ಪಗೆ, ಉಬ್ಬುಬ್ಬಾಗಿ ಸುಟ್ಟ ರೊಟ್ಟಿಯಂತೆ ಕಾಣುವ ಮೇಲ್ಪದರ ಜೀವಂತ ಮಣ್ಣು. ಸೂಕ್ಷ್ಮಜೀವಿ, ಪಾಚಿ, ಕಲ್ಲುಹೂವು ಸೇರಿ ಕಟ್ಟಿದ್ದು. ಅದೇ ಮರಳನ್ನು ಗಾಳಿಗೆ ಹಾರದಂತೆ ಹಿಡಿದಿಟ್ಟಿರುವುದು. ಒಂದು ಹೆಜ್ಜೆಗೆ ಮುರಿದದ್ದು ಕೂಡಿಕೊಳ್ಳಲು ದಶಕಗಳು ಬೇಕು. ಯೂಟಾದ ಐ-70 ಹೆದ್ದಾರಿಯಲ್ಲಿ ಗ್ರೀನ್ ರಿವರ್ ಮತ್ತು ಸಲೈನಾ ಊರುಗಳ ನಡುವೆ ಸುಮಾರು 170 ಕಿ.ಮೀ. ಪೆಟ್ರೋಲ್ ಬಂಕ್ ಇಲ್ಲ. ಆ ದಾರಿಯಲ್ಲಿ ಬೆಳಕಿಗಾಗಿ ಕಾಯುವ ಯೋಚನೆ ಇದ್ದರೆ ಟ್ಯಾಂಕ್ ತುಂಬಿಸಿ ಹೊರಡಿ.

ಪ್ರಶ್ನೆ: ಡ್ರೋನ್ ಒಯ್ಯಬಹುದೇ? ಪೇಜ್ ಬಳಿಯ ಕಿರಿದಾದ ಆಂಟಿಲೋಪ್ ಕ್ಯಾನಿಯನ್‌ಗೆ ಟ್ರೈಪಾಡ್?
(ಓದುಗರು, ತುಮಕೂರು)

ಉತ್ತರ: ಎರಡೂ ಇಲ್ಲ. ಅಮೆರಿಕದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಡ್ರೋನ್ ನಿಷೇಧವಿದೆ, ನವಾಹೊ ಬುಡಕಟ್ಟಿನ ಉದ್ಯಾನಗಳಲ್ಲೂ ಹಾರಿಸುವಂತಿಲ್ಲ. ಆಂಟಿಲೋಪ್ ಕ್ಯಾನಿಯನ್‌ಗೆ ನವಾಹೊ ಮಾರ್ಗದರ್ಶಿಯ ಜೊತೆಗೇ ಹೋಗಬೇಕು. ಸಾಮಾನ್ಯ ಪ್ರವಾಸದಲ್ಲಿ ಟ್ರೈಪಾಡ್ ಬಿಡುವುದಿಲ್ಲ. ಒಳಗೆ ಕತ್ತಲಿರುವುದರಿಂದ ಐಎಸ್ಒ 1600 ಅಥವಾ 3200ಕ್ಕೆ ಏರಿಸಿ, ಗೋಡೆಗೆ ಬೆನ್ನು ಕೊಟ್ಟು ತೆಗೆಯಿರಿ. ಮಳೆಯ ಮುನ್ಸೂಚನೆಯಿಂದ ಪ್ರವಾಸ ರದ್ದು ಮಾಡಿದರೆ ವಾದಿಸಬೇಡಿ. 1997ರ ಆಗಸ್ಟ್ 12ರಂದು ಲೋವರ್ ಆಂಟಿಲೋಪ್‌ನಲ್ಲಿ 11 ಜನ ಪ್ರವಾಹದಲ್ಲಿ ತೀರಿಕೊಂಡರು. ಮಳೆ ಸುರಿದದ್ದು ಮೈಲುಗಟ್ಟಲೆ ದೂರದಲ್ಲಿ.

ಪ್ರಶ್ನೆ: ಆರು ಫ್ರೇಮ್ ಹೊಲಿದು ಗೋಡೆಗೆ ಎಷ್ಟು ದೊಡ್ಡದು ಮಾಡಿಸಬಹುದು? ಹೊಲಿಯಲು ಲೈಟ್‌ರೂಮ್ ಸಾಫ್ಟ್‌ವೇರ್‌ಗೆ ದುಡ್ಡು ಕೊಡಲೇಬೇಕೇ?
(ಓದುಗರು, ಧಾರವಾಡ)

ಉತ್ತರ: ಬೇಕಿಲ್ಲ, ಹ್ಯೂಗಿನ್ ಎಂಬ ಸಾಫ್ಟ್‌ವೇರ್ ಉಚಿತವಾಗಿ ಸಿಗುತ್ತದೆ, ಕಲಿಯಲು ಒಂದು ವಾರ ಹಿಡಿಯುತ್ತದೆ ಅಷ್ಟೆ. ಯಾವುದರಲ್ಲಿ ಹೊಲಿದರೂ ಮೊದಲು ಸಿಲಿಂಡ್ರಿಕಲ್ ಪ್ರೊಜೆಕ್ಷನ್ (ಉರುಳೆಯ ಮೈಗೆ ಸುತ್ತಿದ ಚಿತ್ರವನ್ನು ಬಿಡಿಸಿ ಹರಡಿದಂತಹ ವಿಧಾನ) ಪ್ರಯತ್ನಿಸಿ. 24 ಮೆಗಾಪಿಕ್ಸೆಲ್ ಕ್ಯಾಮೆರಾದ ಆರು ಫ್ರೇಮ್ ಹೊಲಿದು ಅಂಚು ಕತ್ತರಿಸಿದರೆ ಸುಮಾರು 16,000 x 5,000 ಪಿಕ್ಸೆಲ್ ಉಳಿಯುತ್ತದೆ. 300 ಡಿಪಿಐನಲ್ಲಿ (ಅಂಗುಲಕ್ಕೆ 300 ಚುಕ್ಕೆ) 53 ಅಂಗುಲ ಅಗಲ, ಸುಮಾರು 17 ಅಂಗುಲ ಎತ್ತರ. ಸೋಫಾದ ಮೇಲಿನ ಗೋಡೆಗೆ ಆರಡಿ ಬೇಕೆಂದರೂ 200 ಡಿಪಿಐಗೆ ಇಳಿಸಿ ಧಾರಾಳವಾಗಿ ಮಾಡಿಸಬಹುದು, ನಾಲ್ಕಡಿ ದೂರದಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ. ಕ್ಯಾನ್ವಾಸ್ ಆದರೆ ಚೌಕಟ್ಟಿನ ಹಿಂದೆ ಮಡಚಲು ನಾಲ್ಕೂ ಕಡೆ ಎರಡು ಅಂಗುಲ ಹೋಗುತ್ತದೆ. ಆಕಾಶ ಹೋದರೆ ಪರವಾಗಿಲ್ಲ, ಕೆಳಗಿನ ಅಂಚಿನಲ್ಲಿರುವ ನದಿ ಹೋದೀತು. ಪ್ರಿಂಟಿಗೆ ಕೊಡುವ ಮುಂಚೆ ಫೈಲಿನಲ್ಲೇ ಆ ಎರಡಂಗುಲಕ್ಕೆ ಗೆರೆ ಹಾಕಿ ನೋಡಿಕೊಳ್ಳಿ.